ಅಜ್ಜಿಯ ಹಂಡೆಗೆ ಒಂದು ಕಡ್ಡಿ ಬೆಂಕಿ

ಏಳು ಕೆರೆ, ಏಳು ಗುಡ್ಡ, ಒಂದು ಟೋಲ್‌ಗೇಟು ದಾಟಿದರೆ ಸಿಗುವ ಊರಿನಲ್ಲಿ ಬೆಂಕಿಯನ್ನು ಸಾಕಿಕೊಂಡಿದ್ದವನೊಬ್ಬನಿದ್ದ. ಅವನು ಬಾ ಅಂದರೆ ಬೆಂಕಿ ಬರುತ್ತಿತ್ತು, ಕುಣಿ ಅಂದರೆ ಕುಣಿಯುತ್ತಿತ್ತು, ಸೊಂಟ ಸುತ್ತಿ ಭುಜದ ಮೇಲೆ ಹತ್ತಿ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಅಂಥವನಿಗೆ ಒಂದು ದಿನ ಊರೆಲ್ಲ ಹುಡುಕಿದರೂ ಒಂದು ಕಡ್ಡಿ ಬೆಂಕಿ ಹುಟ್ಟಲಿಲ್ಲ. ಈ ಕತೆ ಕೇಳುವವರು ನಡುನಡುವೆ ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕತೆ ಅಲ್ಲೇ ಕೂತುಬಿಡುತ್ತದೆ, ತಲೆಗೆ ಎಣ್ಣೆ ಹಚ್ಚಿಕೊಂಡು ನೀರು ಕಾಯದ ಅಜ್ಜಿಯ ಹಾಗೆ.

ಆ ಊರು ಹೊಸೂರಿನ ಮಗ್ಗುಲಿನ ಮೂಕಂಡಪಲ್ಲಿ. ಬೆಂಕಿ ಸಾಕಿದವನು ತಿಲಕ್. ವಾರದಲ್ಲಿ ಆರು ದಿನ ಫ್ಯಾಕ್ಟರಿಯಲ್ಲಿ ನಟ್ಟುಗಳ ಗಾತ್ರ ಅಳೆಯುತ್ತಿದ್ದ. ರಜೆ ಸಿಕ್ಕರೆ ಮದುವೆ ಮನೆಗಳಲ್ಲಿ, ಎರಡೂ ತುದಿಗೆ ಬಟ್ಟೆ ಸುತ್ತಿ ಬೆಂಕಿ ಹೊತ್ತಿಸಿದ ಹೊನ್ನೆ ಮರದ ಕೋಲು ತಿರುಗಿಸುತ್ತಿದ್ದ. ಅವನ ಕೈಯಲ್ಲಿ ಕೋಲು ಮಾಯವಾಗಿ ಬರೀ ಬೆಳಕಿನ ಚಕ್ರ ಉಳಿಯುತ್ತಿತ್ತು. ಆದರೆ ಮದುವೆ ಮನೆಯ ಜನ ಅದನ್ನು ನೋಡುವುದು ಊಟದ ಎಲೆಗೆ ಕಾಯುವಾಗ ಮಾತ್ರ. ಪಾಯಸ ಬಂತು ಅಂದರೆ ಚಕ್ರಕ್ಕೆ ಬೆನ್ನು.

ಈಗ ಅದೃಷ್ಟ ಬಾಗಿಲು ತಟ್ಟಿತ್ತು. ಬೆಂಗಳೂರಿನ ಬೆಂಕಿ ಕುಣಿತದ ತಂಡವೊಂದರ ಮುಖ್ಯಸ್ಥೆ ನಂದಿತಾ, ದೇಶ ಸುತ್ತುವ ತನ್ನ ತಂಡಕ್ಕೆ ಒಬ್ಬರನ್ನು ಹುಡುಕುತ್ತಿದ್ದಳು. ಒಬ್ಬರನ್ನು ಮಾತ್ರ. "ಶುಕ್ರವಾರ ಸಂಜೆ ಆರಕ್ಕೆ ವಿಡಿಯೋ ಕಾಲ್ ಮಾಡ್ತೀನಿ. ಕತ್ತಲಾಗೋ ಮುಂಚೆ ಒಂದು ನೀಲಿ ಬೆಳಕಿರುತ್ತಲ್ಲ, ಅದರಲ್ಲಿ ಬೆಂಕಿ ನೋಡ್ಬೇಕು. ಎರಡೇ ನಿಮಿಷ" ಅಂದಿದ್ದಳು. ಆ ಎರಡು ನಿಮಿಷ ಗೆದ್ದರೆ ತಿಲಕ್ ನಟ್ಟುಗಳಿಗೆ ಕೈಮುಗಿದು ಹೊರಡಬಹುದಿತ್ತು. ಹೊಟ್ಟೆನೋವು ಅಂತ ಸೂಪರ್‌ವೈಸರಿಗೆ ಮೆಸೇಜು ಹಾಕಿ ರಜೆ ತೆಗೆದುಕೊಂಡ.

ಆ ಶುಕ್ರವಾರ ಬೆಳಿಗ್ಗೆ ಅವನ ಅಜ್ಜಿ ಮುನಿವೆಂಕಟಮ್ಮ ಎಣ್ಣೆಸ್ನಾನಕ್ಕೆಂದು ತಲೆಗೆ ಕಾಲು ಲೀಟರ್ ಹರಳೆಣ್ಣೆ ಸುರಿದುಕೊಂಡು ಬಚ್ಚಲುಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಮನೆಯಲ್ಲಿ ಗ್ಯಾಸ್ ಮುಗಿದು ನಾಲ್ಕು ದಿನ, ಅಡುಗೆಯೆಲ್ಲ ಕರೆಂಟಿನ ಇಂಡಕ್ಷನ್ ಒಲೆಯ ಮೇಲೆ. ಆದರೆ ಕರೆಂಟಿನಲ್ಲಿ ಕಾದ ನೀರಿಗೆ ಹರಳೆಣ್ಣೆ ಬಿಡುವುದಿಲ್ಲ ಎನ್ನುವುದು ಅಜ್ಜಿಯ ವಿಜ್ಞಾನ. ಅವಳಿಗೆ ಸೌದೆ ಒಲೆಯ ತಾಮ್ರದ ಹಂಡೆಯೇ ಬೇಕು.

"ಹಂಡೆಗೆ ಉರಿ ಹಾಕು ಕಣ್ಲಾ" ಅಂತ ಬೆಂಕಿಪೊಟ್ಟಣ ಕೊಟ್ಟಳು. "ಒಂದೇ ಕಡ್ಡಿ ಐತೆ, ಉಸಾರು."

"ಐದೇ ನಿಮಿಷ ಅಜ್ಜಿ. ನಿನ್ ಮೊಮ್ಮಗ ಬೆಂಕಿ ಕಲಾವಿದ, ಒಂದು ಕಡ್ಡಿ ಜಾಸ್ತೀನೇ ಆಯ್ತು."

"ಓಹೋ, ಕಲಾವಿದ! ಎಂಟು ವರ್ಸದೋಳು ನಾನು, ಉದ್ದನಪಲ್ಲೀಲಿ ಊರೊಳಗಿಂದ ತೋಟದ ಮನೆ ಗಂಟ ದಿನಾ ಕೊಳ್ಳಿ ತತ್ತಿದ್ದೆ. ಊರಿಗೆಲ್ಲ ಒಂದೇ ಮನೇಲಿ ಬೆಂಕಿ. ಕೈ ಮುಚ್ಕಂಡು ತಂದ್ರೆ ಆರೋಗದು. ಅದ್ಕೆ ಹಿಂಗೆ ಗಾಳಿಗೆ ತಿರುಗಿಸ್ಕಂಡು ತತ್ತಿದ್ದೆ..."

"ಹೂಂ ಅಜ್ಜಿ, ಹೂಂ" ಅಂದ ತಿಲಕ್. ಈ ಕತೆಗೆ ಅವನು ಹುಟ್ಟಿದಾಗಿನಿಂದ ಹೂಂ ಅನ್ನುತ್ತಿದ್ದ. ಅವನ ಹೂಂ ಈಗ ಲಿಫ್ಟಿನ ಬಟನ್ನಿನ ಹಾಗೆ, ಒತ್ತಿದರೆ ಹೊತ್ತಿಕೊಳ್ಳುತ್ತಿತ್ತು.

ಅವನ ತಲೆಯಲ್ಲಿ ಬೇರೆ ಲೆಕ್ಕವಿತ್ತು. ಕಡ್ಡಿಯಿಂದ ಮೊದಲು ಕೋಲು ಹೊತ್ತಿಸುವುದು, ಅಂಗಳದಲ್ಲಿ ಒಂದು ಸುತ್ತು ಅಭ್ಯಾಸ ಮಾಡುವುದು, ಆಮೇಲೆ ಅದೇ ಕೋಲಿನಿಂದ ಒಲೆಗೆ ಬೆಂಕಿ ಕೊಡುವುದು. ಕೋಲು ಹೊತ್ತಿತು. ತಿಲಕ್ ಬೀಸಿದ. ಚಕ್ರ ಎದ್ದಿತು. ಚಕ್ರ ಹಗ್ಗದ ಮೇಲೆ ಒಣಗುತ್ತಿದ್ದ ಹದಿನೆಂಟು ಮೊಳದ ಸೀರೆಯ ಕಡೆಗೆ ಸ್ವಲ್ಪ ಪ್ರೀತಿಯಿಂದ ವಾಲಿತು.

"ಅಯ್ಯಯ್ಯೋ, ನನ್ನ ಮಡಿ ಸೀರೆ!"

ಮರುಕ್ಷಣ ಒಂದು ಬಕೆಟ್ ನೀರು ಗಾಳಿಯಲ್ಲಿ ಬಂದು ಕೋಲಿನ ಮೇಲೆ, ತಿಲಕನ ಮೇಲೆ ಧೊಪ್ಪನೆ ಬಿತ್ತು. ಬಕೆಟ್ಟಿನ ಹಿಂದೆ ಶಾಂತಾಬಾಯಿ ನಿಂತಿದ್ದರು. ಅವರು ಮನೆಯ ಒಡತಿ, ನಿವೃತ್ತ ಟೀಚರು. ಕಾಂಪೌಂಡಿನ ಮುಂದಿನ ಮನೆಯಲ್ಲಿ ಅವರು, ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗೆ ಅಜ್ಜಿ ಮತ್ತು ಮೊಮ್ಮಗ.

"ಹೋದ ತಿಂಗಳು ನನ್ನ ತುಳಸಿ ಸುಟ್ಟೆ. ಇವತ್ತು ಸೀರೆ. ನಾಳೆ ನನಗೇ ಹಚ್ಚಿಬಿಡ್ತೀಯೇನೋ?"

"ಟೀಚರ್, ಒಂದು ಕಡ್ಡಿ ಕೊಟ್ರೆ ಅಜ್ಜಿ ಹಂಡೆಗೆ..."

"ಶುಕ್ರವಾರ! ಮನೆ ಬೆಂಕಿ ಹೊಸಲು ದಾಟಿದ್ರೆ ಲಕ್ಷ್ಮಿ ಅದರ ಹಿಂದೇನೇ ಹೊರಟುಬಿಡ್ತಾಳೆ. ಅದರಲ್ಲೂ ನಿನ್ನ ಕೈಗೆ? ಲಕ್ಷ್ಮಿ ಓಡ್ತಾಳೆ!"

ಎದುರು ಮನೆಯ ಭಾಗ್ಯಮ್ಮ ಗೇಟಿಗೆ ಆತು ನಿಂತು ಇದನ್ನೆಲ್ಲ ಅವರೇಕಾಯಿ ಸುಲಿಯುತ್ತ ನೋಡಿದಳು. ಬೀದಿಯ ಸುದ್ದಿಗಳು ಅವಳ ಗೇಟಿನಲ್ಲಿ ಒಂದು ನಿಮಿಷ ನಿಂತು, ಉಪ್ಪು ಖಾರ ಹಾಕಿಸಿಕೊಂಡು ಮುಂದೆ ಹೋಗುತ್ತಿದ್ದವು.

ತಿಲಕನ ಸ್ವಂತ ಲೈಟರು ಹೋದ ವಾರ ಬೇರಿಕೆ ಊರಿನ ಮದುವೆಯಲ್ಲಿ, ಮದುಮಗನ ಸೋದರಮಾವನ ಬೀಡಿಗೆ ಅಂತ ಹೋದದ್ದು ಮಾವನ ಜೇಬಿನಲ್ಲೇ ಸಂಸಾರ ಹೂಡಿತ್ತು. ಹಾಗಾಗಿ ಚಿನ್ನಸ್ವಾಮಿಯ ಅಂಗಡಿಗೆ ಹೋದ.

"ಅಣ್ಣಾ, ಒಂದು ಬೆಂಕಿಪೊಟ್ಣ."

"ತೀಪೆಟ್ಟಿ ಇಲ್ಲ ತಂಬಿ" ಅಂದ ಚಿನ್ನಸ್ವಾಮಿ ಮೇಲೆ ಫ್ಯಾನು ನೋಡುತ್ತ. "ಇವತ್ತು ಕಾರ್ತಿಕ ದೀಪ ಅಲ್ವಾ, ಎಲ್ಲಾ ಖಾಲಿ."

ಅಷ್ಟರಲ್ಲಿ ಒಬ್ಬಾಕೆ ಬಂದು ತೀಪೆಟ್ಟಿ ಕೇಳಿದಳು. ಚಿನ್ನಸ್ವಾಮಿ ಅವಳಿಗೆ ಎರಡು ಕೊಟ್ಟ.

"ಇದೇನಣ್ಣಾ?"

ಚಿನ್ನಸ್ವಾಮಿ ಬಾಗಿ ಪಿಸುಗುಟ್ಟಿದ: "ಟೀಚರ್ ಫೋನ್ ಮಾಡವ್ರೆ. ನಿಂಗೆ ಕೊಟ್ರೆ ನನ್ನ ಬೆಂಚ್ ಮೇಲೆ ನಿಲ್ಲಿಸ್ತಾರಂತೆ."

"ನಿಂಗೆ ಐವತ್ತೆರಡು ವಯಸ್ಸು!"

"ಅವ್ರಿಗೆ ಅದೆಲ್ಲ ಲೆಕ್ಕ ಇಲ್ಲಪ್ಪ. ನೀನು ಮೂರನೇ ಕ್ಲಾಸ್ ಅವ್ರ ಹತ್ರ ಓದಿಲ್ಲ, ನಿಂಗೆ ಗೊತ್ತಾಗಲ್ಲ."

ಆ ಬೀದಿಯಲ್ಲಿ ಅಂಗಡಿ ಇಟ್ಟವರು, ಆಟೋ ಓಡಿಸುವವರು, ಇಸ್ತ್ರಿ ಮಾಡುವವರು ಎಲ್ಲರೂ ಶಾಂತಾಬಾಯಿಯವರ ಹತ್ತಿರ ಮೂರನೇ ಕ್ಲಾಸು ಓದಿದವರೇ. ಹತ್ತು ಗಂಟೆಯ ಹೊತ್ತಿಗೆ ಬೀದಿಗೆ ಬೀದಿಯೇ ತಿಲಕನಿಗೆ ಬೆಂಕಿ ಬಹಿಷ್ಕಾರ ಹಾಕಿತ್ತು.

ಬೀದಿಯಲ್ಲಿ ಉಳಿದವನು ಹನುಮಯ್ಯ ಒಬ್ಬ. ಅವನು ಉದ್ದನಪಲ್ಲಿಯಲ್ಲಿ ಓದಿದವನು, ಟೀಚರ ಭಯವಿಲ್ಲ. ಅವನ ಭಯವೆಲ್ಲ ಹೆಂಡತಿ ಇಂದ್ರಮ್ಮನದು. ಮೂರು ದಿನದಿಂದ ಬೀಡಿ ಬಿಟ್ಟಿದ್ದ ಹನುಮಯ್ಯ ಜಗಲಿಯ ಮೇಲೆ, ಕೊಟ್ಟಿಗೆಯಿಂದ ಮಾರಿಬಿಟ್ಟ ಎಮ್ಮೆಯನ್ನು ನೆನೆಯುವವನ ಹಾಗೆ ಕೂತಿದ್ದ.

"ಮಾವ, ಬೆಂಕಿಪೊಟ್ಣ ಐತಾ?"

ಹನುಮಯ್ಯನ ಕಣ್ಣು ತುಂಬಿತು. "ಯಾಕ್ಲಾ ಆ ಹೆಸರು ಎತ್ತಿದೆ? ಈಗ ತಾನೇ ಮರ್ತಿದ್ದೆ." ಸುತ್ತ ನೋಡಿದ. "ಐತೆ. ನೀರಿನ ತೊಟ್ಟಿ ಹಿಂದೆ, ಇಟ್ಟಿಗೆ ಕೆಳಗೆ. ಜೊತೆಗೆ ಒಂದು ಬೀಡೀನೂ ಐತೆ. ಒಂದೇ ಒಂದು ದಮ್ಮು ಎಳ್ಕತೀನಿ, ಪೊಟ್ಣ ನೀನೇ ಮಡಿಕ್ಕೋ."

ತೊಟ್ಟಿಯ ಹಿಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಬೀಡಿ ಹೊತ್ತಿತು. ಹನುಮಯ್ಯ ಕಣ್ಣು ಮುಚ್ಚಿ ಸ್ವರ್ಗದ ಅರ್ಧ ದಾರಿಗೆ ಹೋಗಿದ್ದ, ಬಳೆಯ ಸದ್ದು ಕೇಳಿತು. ಕಣ್ಣು ಮಿಟುಕಿಸುವುದರೊಳಗೆ ಬೀಡಿ ತಿಲಕನ ಬೆರಳಿನ ನಡುವೆ ಇತ್ತು, ಪೊಟ್ಟಣ ತಿಲಕನ ಅಂಗೈಯಲ್ಲಿ ಇತ್ತು, ಹನುಮಯ್ಯ ಮೂರು ಅಡಿ ದೂರದಲ್ಲಿ ನಿಂತು ಕೆಮ್ಮುತ್ತಿದ್ದ.

"ನೋಡಿದ್ಯೇನೇ! ಬೇಡ ಕಣ್ಲಾ ಬೇಡ ಅಂತ ಬುದ್ಧಿ ಹೇಳ್ತಾ ಇವ್ನಿ, ಕೇಳ್ತಾನೇ ಇಲ್ಲ!"

"ಥೂ ನಿನ್ ಮುಖಕ್ಕೆ!" ಅಂದಳು ಇಂದ್ರಮ್ಮ ತಿಲಕನಿಗೆ. "ಬಿಟ್ಟಿರೋ ಮನುಷ್ಯನ ಮುಂದೆ ಕೂತು ಸೇದ್ತೀಯಲ್ಲ, ಒಟ್ಟೆಗೆ ಅನ್ನ ತಿಂತೀಯಾ?" ಬೀಡಿ, ಪೊಟ್ಟಣ ಎರಡನ್ನೂ ಕಿತ್ತು ಕಲಗಚ್ಚಿನ ಬಕೆಟ್ಟಿಗೆ ಹಾಕಿದಳು. ಕಡ್ಡಿಗಳು ನೆನೆದ ಅವರೇಕಾಳಿನ ಜೊತೆ ಮುಳುಗಿದವು. ಹನುಮಯ್ಯ ಅವುಗಳನ್ನು ತಿಲಕನಿಗಿಂತ ಹೆಚ್ಚಿನ ದುಃಖದಿಂದ ನೋಡಿದ.

ಮನೆಗೆ ಬಂದರೆ ಅಜ್ಜಿ ಅಲ್ಲೇ ಕೂತಿದ್ದಳು. ಬಿಸಿಲು ಏರಿ ಹರಳೆಣ್ಣೆ ಹಣೆಯಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ ಇಳಿಯುತ್ತಿತ್ತು.

"ಐದು ನಿಮಿಷ ಆಯ್ತೇನ್ಲಾ?"

"ಆಯ್ತಾ ಬಂತು ಅಜ್ಜಿ."

ಮಧ್ಯಾಹ್ನ ಎರಡು ಗಂಟೆಗೆ ತಿಲಕ್ ಬುದ್ಧಿವಂತನಾದ. ಟೀಚರ ಮೂರನೇ ಕ್ಲಾಸಿನ ಗಡಿ ದಾಟಿ ಮೇನ್ ರೋಡಿಗೆ ನಡೆದು, ಗುರುತು ಪರಿಚಯವಿಲ್ಲದ ಅಂಗಡಿಯಲ್ಲಿ ಹತ್ತು ಬೆಂಕಿಪೊಟ್ಟಣದ ಒಂದು ಕಟ್ಟು ಕೊಂಡ. ಬೀದಿಯವರ ಕಣ್ಣಿಗೆ ಬೀಳಬಾರದೆಂದು ಅಂಗಿಯೊಳಗೆ ಹೊಟ್ಟೆಯ ಮೇಲೆ ಸಿಕ್ಕಿಸಿಕೊಂಡು ತಿರುಗಿದ. ಎದುರಿಗೆ ಬೈಕು ನಿಂತಿತು.

ಬೈಕಿನ ಮೇಲೆ ಮಧ್ವೇಶ. ತಿಲಕನ ಸೂಪರ್‌ವೈಸರು, ಶಾಂತಾಬಾಯಿಯವರ ತಂಗಿಯ ಮಗ, ದೊಡ್ಡಮ್ಮನ ಮನೆಯ ದೀಪದ ಪೂಜೆಗೆ ಹೊರಟಿದ್ದ. ಯಂತ್ರಗಳ ಮೇಲೆ ಅವನಿಗೆ ಎಷ್ಟು ಅನುಮಾನವೋ ಪ್ರಕೃತಿ ಚಿಕಿತ್ಸೆಯ ಮೇಲೆ ಅಷ್ಟು ನಂಬಿಕೆ.

"ತಿಲಕ್! ಹೊಟ್ಟೆನೋವು ಅಂದ್ರಿ?"

"ಆಸ್ಪತ್ರೆಗೆ... ಹೊರಟಿದ್ದೆ ಸಾರ್" ಅಂದ ತಿಲಕ್, ಬಗ್ಗಿ ಹೊಟ್ಟೆ ಹಿಡಿದುಕೊಂಡು.

ಮಧ್ವೇಶ ಇಳಿದು ಬಂದು ಎರಡು ಬೆರಳಿನಿಂದ ಹೊಟ್ಟೆ ಒತ್ತಿದ. ಅವನ ಮುಖ ಬಿಳಿಚಿತು. "ರೀ, ಕಲ್ಲಾಗಿದೆ! ಮೂಲೆ ಮೂಲೆ ಸಿಗ್ತಾ ಇದೆ! ಎಷ್ಟು ದಿನ ಆಯ್ತ್ರೀ ಹೊಟ್ಟೆ ಹೋಗಿ?"

"ಸಾರ್, ಬೇಡ ಸಾರ್, ಅದೇ ಸರಿಹೋಗುತ್ತೆ..."

"ಮಾತಾಡ್ಬೇಡಿ. ಇದಕ್ಕೆ ಒಂದೇ ಔಷಧಿ, ಒದ್ದೆ ಪಟ್ಟಿ."

ಬೈಕಿನ ಡಬ್ಬಿಯಿಂದ ಟವೆಲ್ ಬಂತು. ಪಕ್ಕದ ನಲ್ಲಿಯಲ್ಲಿ ನೆನೆಯಿತು. ಅಂಗಿಯ ಮೇಲೇ ತಿಲಕನ ಹೊಟ್ಟೆಗೆ ಮೂರು ಸುತ್ತು ಬಿತ್ತು. ಹೊಂಗೆ ಮರದ ಕೆಳಗೆ ಮಲಗಿಸಿ, ಟವೆಲ್ ಒಣಗದಂತೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತ, ಮಧ್ವೇಶ ದೊಡ್ಡ ಕರುಳು ಸಣ್ಣ ಕರುಳುಗಳ ವಿಷಯ ಎರಡು ಗಂಟೆ ಹೇಳಿದ. ತಿಲಕ್ ಹೂಂ ಅಂದ. ಒಳಗೆ ಹತ್ತು ಪೊಟ್ಟಣಗಳು ಒಂದೊಂದಾಗಿ ಮೆತ್ತಗಾಗುವುದು ಅವನ ಚರ್ಮಕ್ಕೆ ಗೊತ್ತಾಗುತ್ತಿತ್ತು.

ನಾಲ್ಕೂವರೆಗೆ ಮಧ್ವೇಶ ಮತ್ತೆ ಹೊಟ್ಟೆ ಒತ್ತಿದ. "ನೋಡಿದ್ರಾ! ಹಿಟ್ಟಿನ ಹಾಗಾಗಿದೆ! ನಾಳೆ ಬೆಳಿಗ್ಗೆ ಆರರ ಶಿಫ್ಟಿಗೆ ಆರಾಮಾಗಿ ಬರಬಹುದು." ಟವೆಲ್ ಬಿಚ್ಚಿದ. ಅದರ ಮೇಲೆ ಕೆಂಪಗೆ ಇಳಿದಿದ್ದ ಕಡ್ಡಿ ಮದ್ದಿನ ಬಣ್ಣ ನೋಡಿ, "ಕೆಟ್ಟದ್ದೆಲ್ಲ ಹೊರಗೆ ಬಂತು" ಅಂತ ಸಂತೋಷಪಟ್ಟ. ತಾನೇ ಬೈಕಿನಲ್ಲಿ ಮನೆಗೆ ಬಿಟ್ಟು, ಟವೆಲ್ ಹಿಂಡಿಕೊಂಡು ದೊಡ್ಡಮ್ಮನ ಮನೆಯೊಳಗೆ ಹೋದ.

ಐದೂಕಾಲು. ಅಜ್ಜಿ ಈಗ ಅವನನ್ನು ನೋಡಿ ಸೀಗೇಪುಡಿಯ ಬಟ್ಟಲನ್ನು ದೂರ ತಳ್ಳಿದಳು. ಅದು ಬೈಗುಳಕ್ಕಿಂತ ಭಯಂಕರ. ತಿಲಕ್ ಒಣಗಿದ್ದ ಕೋಲನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಂಡೆಯ ಪಕ್ಕಕ್ಕೆ ಒರಗಿಸಿದ. ಇಟ್ಟಿಗೆ ಜೋಡಿಸಿ, ಅಂಗಳ ಪೂರ್ತಿ ಕಾಣುವಂತೆ ಫೋನು ನಿಲ್ಲಿಸಿದ. ಎಲ್ಲ ತಯಾರು. ಬೆಂಕಿ ಮಾತ್ರ ಇಲ್ಲ, ಮತ್ತೆ ಮೇನ್ ರೋಡಿಗೆ ಹೋಗಿಬರುವಷ್ಟು ಹೊತ್ತೂ ಇಲ್ಲ.

"ನಾನು ನೋಡ್ಕೋತೀನಿ ಹೋಗಪ್ಪ, ಫೋನ್ ಬಂದ್ರೆ ಎತ್ತೀನಿ" ಅಂತ ಭಾಗ್ಯಮ್ಮ ಕರೆಯದೇ ಬಂದು ಫೋನಿನ ಮಗ್ಗುಲಲ್ಲಿ ಕೂತಳು.

ತಿಲಕ್ ಬೀದಿಗೆ ಓಡಿದ. ಓಡಿದವನು ನಿಂತುಬಿಟ್ಟ. ಕಾರ್ತಿಕದ ಸಂಜೆ, ಪ್ರತಿ ಮನೆಯ ಮುಂದೆ, ಪ್ರತಿ ಮೆಟ್ಟಿಲ ಮೇಲೆ, ಕಾಂಪೌಂಡಿನ ಉದ್ದಕ್ಕೂ ಹಣತೆಗಳು ಹೊತ್ತಿದ್ದವು. ನಕ್ಷತ್ರಗಳೆಲ್ಲ ಶಿಫ್ಟು ಮುಗಿಸಿ ಬೀದಿಗೆ ಇಳಿದು ಕೂತ ಹಾಗಿತ್ತು. ಮುನ್ನೂರು ನಾನೂರು ಬೆಂಕಿಗಳು! ಅವನಿಗೆ ಬೇಕಾದದ್ದು ಒಂದು.

ಕಾಗದ ಸುರುಳಿ ಸುತ್ತಿ ಮೊದಲ ಹಣತೆಗೆ ಬಗ್ಗಿದ.

"ಏಯ್! ದೇವರ ದೀಪಕ್ಕೆ ಬಾಯಿ ಹಾಕ್ತಾನಲ್ಲಪ್ಪೋ!" ಅಂತ ಒಳಗಿಂದ ಒಂದು ಗಂಟಲು ಕೂಗಿತು. ಎರಡನೇ ಮನೆಯಲ್ಲಿ ತೆಲುಗಿನಲ್ಲಿ ಬೈದರು, ಮೂರನೆಯದರಲ್ಲಿ ತಮಿಳಿನಲ್ಲಿ. ಮೂರೂ ಭಾಷೆಯಲ್ಲಿ ಸಾರ ಒಂದೇ: ಶುಕ್ರವಾರ, ದೀಪ ಹಚ್ಚಿದ ಹೊತ್ತು, ಬೆಂಕಿ ಕೊಡುವುದಿಲ್ಲ. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬಳು ಮುದುಕಿ ತನ್ನ ಮನೆಯ ಲಕ್ಷ್ಮಿಗೆ ಕಾವಲು ಕೂತಿದ್ದಳು.

ಬೀದಿಯ ಕೊನೆಯ ಅರಳಿಕಟ್ಟೆಯಲ್ಲಿ, ನಾಗರಕಲ್ಲಿನ ಮುಂದೆ ಒಂದು ಹಣತೆ ಒಂಟಿಯಾಗಿತ್ತು. ಅಲ್ಲಿ ಮನೆಯಿಲ್ಲ, ಹೊಸಲಿಲ್ಲ, ಮುದುಕಿಯಿಲ್ಲ. ತಿಲಕ್ ನಾಗಪ್ಪನಿಗೆ ಕೆನ್ನೆ ಬಡಿದುಕೊಂಡು, ಬಿದ್ದಿದ್ದ ತೆಂಗಿನ ಚಿಪ್ಪಿನಲ್ಲಿ ಪೂಜೆಯಲ್ಲಿ ಉಳಿದ ಕರ್ಪೂರದ ಚೂರು ಇಟ್ಟು ಹೊತ್ತಿಸಿಕೊಂಡ. ಫ್ಯಾಕ್ಟರಿಯ ಆರು ಗಂಟೆಯ ಸೈರನ್ನು ಕೂಗಿತು. ಎರಡೂ ಕೈಯಿಂದ ಚಿಪ್ಪನ್ನು ಮುಚ್ಚಿ, ಹಸುಗೂಸನ್ನು ಎತ್ತಿಕೊಂಡವನ ಹಾಗೆ ಓಡಿದ. ಹತ್ತು ಮನೆ ದಾಟಿತು, ಇಪ್ಪತ್ತು ದಾಟಿತು, ತನ್ನ ಗೇಟು ಬಂತು. ಗೇಟಿನಲ್ಲಿ ಬೆಂಕಿ ಒಂದು ಸಲ ಅವನ ಮುಖ ನೋಡಿ, ಪುಸಕ್ ಅಂತ ಆರಿಹೋಯಿತು.

ತಲೆ ಎತ್ತಿದರೆ ಅಂಗಳದಲ್ಲಿ ಬೆಂಕಿಯ ಚಕ್ರ ತಿರುಗುತ್ತಿತ್ತು.

ನಡೆದದ್ದು ಇಷ್ಟು. ದೀಪ ಹಚ್ಚಲು ಹೊರಗೆ ಬಂದ ಶಾಂತಾಬಾಯಿಗೆ, ತಮ್ಮ ಅಂಗಳದಲ್ಲಿ ತಲೆಯಿಂದ ಎಣ್ಣೆ ಸುರಿಸುತ್ತ ಕೂತ ಮುನಿವೆಂಕಟಮ್ಮ ಕಂಡಿದ್ದಳು. ಮುಸ್ಸಂಜೆ, ಶುಕ್ರವಾರ, ಎಣ್ಣೆ ಮೆತ್ತಿದ ತಲೆ! ಬೆಂಕಿ ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆ, ಸರಿ. ಆದರೆ ಇದನ್ನು ನೋಡಿದರೆ ಲಕ್ಷ್ಮಿ ಗೇಟಿನೊಳಕ್ಕೆ ಕಾಲೇ ಇಡುವುದಿಲ್ಲ. ಟೀಚರು ಒಂದು ನಿಮಿಷ ಯೋಚಿಸಿ ತೀರ್ಪು ಕೊಟ್ಟಿದ್ದರು: "ಹಂಡೆ ಇರೋ ಬಚ್ಚಲೂ ನಂದೇ, ಕಾಂಪೌಂಡೂ ನಂದೇ. ಬೆಂಕಿ ನನ್ನ ಮನೆ ಬಿಟ್ಟು ಎಲ್ಲಿ ಹೋಯ್ತು? ಮುನಿವೆಂಕಟಮ್ಮ, ಹೊತ್ತಿಸ್ಕೊಂಡು ಹೋಗಿ, ಬೇಗ ಸ್ನಾನ ಮುಗಿಸಿ!"

ಹೊತ್ತಿಸಿಕೊಳ್ಳಲು ಅಜ್ಜಿಗೆ ಒಂದು ಕೊಳ್ಳಿ ಬೇಕಿತ್ತು. ಹಂಡೆಯ ಪಕ್ಕದಲ್ಲೇ, ಯಾರೋ ಪುಣ್ಯಾತ್ಮರು ಬಟ್ಟೆ ಸುತ್ತಿ ಸೀಮೆಎಣ್ಣೆ ಕುಡಿಸಿ ಇಟ್ಟ ಒಳ್ಳೆಯ ಒಣಗಿದ ಕೋಲು ಸಿಕ್ಕಿತು.

ಈಗ ಅವಳು ಟೀಚರ ಅಡುಗೆಮನೆಯಿಂದ ಬಚ್ಚಲಿಗೆ ಅಂಗಳ ದಾಟುತ್ತಿದ್ದಳು. ಗಾಳಿ ಬೀಸುತ್ತಿತ್ತು. ಎಂಟು ವರ್ಷದ ಹುಡುಗಿಯಾಗಿದ್ದಾಗ ಕಲಿತದ್ದನ್ನು ಎಪ್ಪತ್ತೆಂಟರ ಕೈ ಮರೆತಿರಲಿಲ್ಲ. ಬೆಂಕಿ ಆರಬಾರದೆಂದು ಕೋಲನ್ನು ಎಡಕ್ಕೆ ಬೀಸಿದಳು, ಬಲಕ್ಕೆ ಬೀಸಿದಳು, ತಲೆಯ ಮೇಲೆ ಒಂದು ಸುತ್ತು, ಮೊಣಕಾಲಿನ ಹತ್ತಿರ ಒಂದು ಸುತ್ತು. ಸಂಜೆಯ ನೀಲಿಯಲ್ಲಿ ಎರಡು ಹಳದಿ ಹೂವು ಒಂದನ್ನೊಂದು ಅಟ್ಟಿಸಿಕೊಂಡು ಹೋದ ಹಾಗಿತ್ತು. ನಡುವೆ ಹರಳೆಣ್ಣೆಯಲ್ಲಿ ಮಿಂದ ಅವಳ ಮುಖ ತಿಕ್ಕಿದ ಕಂಚಿನ ದೀಪದಂತೆ ಹೊಳೆಯುತ್ತಿತ್ತು. ಬಚ್ಚಲ ಬಾಗಿಲಿಗೆ ಬಂದು ಕೋಲನ್ನು ಒಂದೇ ಏಟಿಗೆ ಒಲೆಯೊಳಗೆ ನೂಕಿದಳು. ಸೌದೆ ಭಗ್ಗನೆ ಹೊತ್ತಿತು.

ಆರು ಗಂಟೆಗೇ ಭಾಗ್ಯಮ್ಮ ಎತ್ತಿದ್ದ ಫೋನಿನಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

"ಬ್ಯೂಟಿಫುಲ್!" ಅಂದಳು ನಂದಿತಾ. "ಆ ಕೊನೆ ಇದೆಯಲ್ಲ, ಬೆಂಕೀನ ವಾಪಸ್ ಒಲೆಗೆ ಕೊಟ್ಟಿದ್ದು... ನಾನು ಅತ್ತುಬಿಟ್ಟೆ. ಯಾರು ಅವರು?"

"ನಮ್ ಎದುರು ಮನೆಯೋರು" ಅಂದಳು ಭಾಗ್ಯಮ್ಮ, ಅರ್ಧ ಕೀರ್ತಿ ತನಗೂ ಇರಲಿ ಎಂಬಂತೆ.

ತಿಲಕ್ ಓಡಿಬಂದು ಫೋನಿಗೆ ಮುಖ ಕೊಟ್ಟ. "ಮೇಡಂ, ನಾನು ತಿಲಕ್! ಅವ್ರು ನಮ್ಮಜ್ಜಿ. ಕುಣಿಯೋನು ನಾನು!"

"ಹೌದಾ? ಸರಿ, ಇನ್ನೂ ಒಂದೆರಡು ನಿಮಿಷ ಬೆಳಕಿದೆ. ನೀವೂ ಮಾಡಿ, ನೋಡೋಣ."

ತಿಲಕ್ ತಿರುಗಿದ. ಒಂದು ದಿನ ಪೂರ್ತಿ ಹುಡುಕಿದ ಬೆಂಕಿ ಕೈಗೆಟುಕುವಷ್ಟು ಹತ್ತಿರದಲ್ಲಿ ಧಗಧಗ ಉರಿಯುತ್ತಿತ್ತು. ಅದರ ನಡುವೆ ಅವನ ಹೊನ್ನೆ ಕೋಲು, ಮಧ್ಯಕ್ಕೆ ಸೀಳಿ, ಕೆಂಡವಾಗುತ್ತಿತ್ತು.

"ಅಜ್ಜೀ! ನನ್ ಕೋಲು!"

"ವಸಿ ಚೆನ್ನಾಗಿ ಉರೀತದೆ ಕಣ್ಲಾ" ಅಂದಳು ಅಜ್ಜಿ ಮೆಚ್ಚಿಗೆಯಿಂದ. "ಇಂಥದ್ದು ಇನ್ನೂ ನಾಲ್ಕು ತಂದು ಮಡಗು."

ನಂದಿತಾ ಅಜ್ಜಿಯನ್ನೇ ಕರೆಸಿಕೊಂಡು ಮಾತಾಡಿದಳು. ತಂಡಕ್ಕೆ ಬನ್ನಿ, ದೇಶವೆಲ್ಲ ನೋಡಬಹುದು ಅಂದಳು. ಅಜ್ಜಿ ಫೋನಿನೊಳಗೆ ಇಣುಕಿ, "ಮಂಗಳವಾರ ಶುಕ್ರವಾರ ಎಣ್ಣೆಸ್ನಾನ ಐತಮ್ಮ, ಬರಕ್ಕಾಗಕಿಲ್ಲ. ಅಲ್ದೇ ಈ ಸೋಮಾರೀನ ಯಾರು ನೋಡ್ಕೋತಾರೆ?" ಅಂದಳು.

"ಪರವಾಗಿಲ್ಲ ಅಜ್ಜಿ, ನಿಧಾನವಾಗಿ ಯೋಚನೆ ಮಾಡಿ. ನೀವು ಹೂಂ ಅನ್ನೋವರೆಗೂ ಆ ಒಂದು ಜಾಗ ನಾನು ಯಾರಿಗೂ ಕೊಡಲ್ಲ."

"ಯಾರಿಗೂ?" ಅಂದ ತಿಲಕ್.

"ಯಾರಿಗೂ" ಅಂದು ನಂದಿತಾ ಮರೆಯಾದಳು.

ಟೀಚರ ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದ ಮಧ್ವೇಶ, ತಿಲಕ್ ಹಂಡೆಯ ಮುಂದೆ ಕುಸಿದು ಕೂತದ್ದನ್ನು ನೋಡಿ ಕಳವಳಗೊಂಡ. "ಮತ್ತೆ ಹೊಟ್ಟೇನಾ? ಟವೆಲ್ ಇನ್ನೂ ಒದ್ದೆ ಇದೆ, ತರ್ಲಾ?"

"ಬೇಡ ಸಾರ್. ಬೆಳಿಗ್ಗೆ ಆರಕ್ಕೆ ಬರ್ತೀನಿ."

ಕೋಲಿನ ಕೊನೆಯ ತುಂಡು ಚಟ್ ಅಂದಿತು. ಹಂಡೆಯ ನೀರು ಮೊದಲು ಗುನುಗಿತು, ಆಮೇಲೆ ಹಾಡಿತು. ಅಜ್ಜಿ ಬೆರಳು ಅದ್ದಿ ನೋಡಿ, ಬಚ್ಚಲ ಕಲ್ಲಿನ ಮೇಲೆ ಕೂತು, ಸೀಗೇಪುಡಿಯ ಬಟ್ಟಲು ಹತ್ತಿರ ಎಳೆದುಕೊಂಡಳು.

"ಹುಯ್ಯಿಲಾ. ಐದು ನಿಮಿಷ ಆಯ್ತು."

ತಿಲಕ್ ಎದ್ದು, ಚೊಂಬು ತುಂಬಿ, ಹೊಗೆಯಾಡುವ ನೀರನ್ನು ಅವಳ ತಲೆಯ ಮೇಲೆ ಸುರಿದ.

"ಹೂಂ" ಅಂದಳು ಅಜ್ಜಿ.